ನಾಲ್ಕು ಬೆರಳು

ಇಗರ್ಜಿಗೆ ಬರುವವರ ಮುಖ ನನಗೆ ನೆನಪಿರುವುದಿಲ್ಲ,
ಕಂಕುಳಿನ ಎತ್ತರ ನೆನಪಿರುತ್ತದೆ.
ಲಾಸ್ತಾದ ಈ ಬೆಟ್ಟದೂರಿನಲ್ಲಿ ಮೂವತ್ತು ವರ್ಷ
ಕೋಲು ಕೆತ್ತಿದವನು ನಾನು,
ನಡೆಯಲಿಕ್ಕಲ್ಲ, ನಿಲ್ಲಲಿಕ್ಕೆ.

ನಮ್ಮಲ್ಲಿ ಕೂರುವುದಿಲ್ಲ. ಬೆಂಚಿಲ್ಲ, ಮಣೆಯಿಲ್ಲ.
ಕೋಳಿ ಕೂಗುವ ಮುಂಚೆ ಚಪ್ಪಲಿ ಹೊರಗೆ ಬಿಟ್ಟು
ತಣ್ಣನೆ ಕಲ್ಲಿನ ಮೇಲೆ ನಿಂತರೆ
ಬಿಸಿಲು ಹೊಸ್ತಿಲು ದಾಟುವ ತನಕ ನಿಂತೇ ಇರಬೇಕು.
ಮೊದಲು ಹಿಮ್ಮಡಿ ಮಾತಾಡುತ್ತದೆ, ಆಮೇಲೆ ಮಂಡಿ,
ಆಮೇಲೆ ಸೊಂಟ ಹಳೇ ಜಗಳಗಳನ್ನೆಲ್ಲ ಎತ್ತುತ್ತದೆ.
ಅವೆಲ್ಲ ಬಾಯಿ ಮುಚ್ಚಿದ ಮೇಲೆಯೇ ಪ್ರಾರ್ಥನೆ ಶುರು
ಅನ್ನುತ್ತಾರೆ ಅಬ್ಬಾ ಹೈಲೆಮಲೆಕೊತ್.
ನನ್ನ ಸೊಂಟ ಇನ್ನೂ ಮುಚ್ಚಿಲ್ಲ.

ಅದಕ್ಕೇ ಈ ಕೋಲು.
ತುದಿಗೆ ಅಡ್ಡ ಒಂದು ಹಿಡಿ, ಎರಡೂ ಕೊನೆ ಕೊಂಚ ಬಾಗಿ.
ಕಂಕುಳಿಗೆ ಕೊಟ್ಟರೆ ಮೈ ಒರಗುತ್ತದೆ,
ಗದ್ದ ಊರಿದರೆ ನಿದ್ದೆಯೂ ಬರುತ್ತದೆ, ಸುಳ್ಳೇಕೆ ಹೇಳಲಿ.
ದೂರದಿಂದ ನೋಡಿದ ಮಕ್ಕಳು ಶಿಲುಬೆ ಅನ್ನುತ್ತವೆ.
ಇರಬಹುದು.
ಅಳತೆ ತೆಗೆಯುವಾಗ ನಾನು ನೋಡುವುದು
ಯಾರು ಯಾವ ಕಡೆಗೆ ವಾಲುತ್ತಾರೆ ಎಂದಷ್ಟೆ.

ಪಾಸ್ಕ ಹಬ್ಬ ಕಳೆದ ಹತ್ತನೇ ದಿನ ಯೆಶಿಮೆಬೆಟ್ ಬಂದಳು,
ಬಿಳಿ ಸೆರಗಿನ ಅಂಚನ್ನು
ಸತ್ತ ಮನೆಯವರ ಹಾಗೆ ಮುಖದ ಹತ್ತಿರ ತಿರುಗಿಸಿ ಹೊದ್ದು.
ಕೈಯಲ್ಲಿ ಅದ್ಮಾಸುವಿನ ಕೋಲು.
‘ಕೊಯ್ದು ಕೊಡು, ನನಗಿದು ಉದ್ದ.’

ಅದ್ಮಾಸು ಗಂಡಸರ ಬಾಗಿಲ ಪಕ್ಕ ನಿಲ್ಲುತ್ತಿದ್ದ,
ಅವಳು ಆಚೆ, ಹೆಂಗಸರ ಕಡೆ.
ಇಪ್ಪತ್ತಾರು ವರ್ಷದ ಸಂಸಾರ,
ದೇವರ ಮುಂದೆ ಒಂದು ದಿನವೂ ಅಕ್ಕಪಕ್ಕ ನಿಂತವರಲ್ಲ.
ಅವನು ಕಂಕುಳು ಬದಲಿಸುವಾಗ
ಕೋಲಿನ ಕಬ್ಬಿಣದ ಗೊರಸು ಕಲ್ಲಿಗೆ ಟಕ್ ಎನ್ನುವುದು,
ಅಷ್ಟೇ ಅವಳಿಗೆ ಕೇಳುತ್ತಿದ್ದದ್ದು.

ಶುಭ ಶುಕ್ರವಾರ ನಾವು ಇಡೀ ದಿನ ಅಡ್ಡಬೀಳುತ್ತೇವೆ,
ಬಿದ್ದು ಎದ್ದು, ಬಿದ್ದು ಎದ್ದು,
ಹಣೆಗೆ ಮಣ್ಣು ಅಂಟುವ ತನಕ.
ಸಂಜೆ ಪಾಪ ಒಪ್ಪಿಸಿದವರ ಬೆನ್ನಿಗೆ
ಕಾಡು ಆಲಿವ್ ರೆಂಬೆಯಿಂದ ತಟ್ಟಿ
ಇನ್ನಿಷ್ಟು ಸಲ ಬೀಳು ಎಂದು ಲೆಕ್ಕ ಕೊಡುತ್ತಾರೆ ಅಬ್ಬಾ.
(ಕೋಲೂ ಅದೇ ಮರದ್ದು. ಹೊಡೆಯುವುದೂ ಅದೇ, ಹೊರುವುದೂ ಅದೇ.)
ಅದ್ಮಾಸುವಿಗೆ ಸಿಕ್ಕಿದ್ದು ನೂರು.
ಅರವತ್ತಕ್ಕೆ ಮಂಡಿ ಸೋತಿತು.
ಉಳಿದದ್ದು ಮನೆಯಲ್ಲಿ ಎಂದ.
ಹಬ್ಬದ ಮೂರನೇ ದಿನ ಬೆಳಿಗ್ಗೆ ಏಳಲಿಲ್ಲ.

‘ಆ ನಲವತ್ತು ನಾನು ಬೀಳುತ್ತೇನೆ ಅಂದೆ.
ಅಬ್ಬಾ ಬೇಡವೆಂದರು.
ಹಬ್ಬದಿಂದ ಐವತ್ತು ದಿನ ಯಾರ ಹಣೆಯೂ ನೆಲ ಮುಟ್ಟಕೂಡದಂತೆ.
ಅವನು ಗೋರಿಯಿಂದ ಎದ್ದು ನಿಂತಿದ್ದಾನೆ,
ನೀನೂ ನಿಲ್ಲು, ಅಂದರು.’
ಸ್ವಲ್ಪ ಹೊತ್ತು ಬಿಟ್ಟು,
‘ಬೀಳುವುದು ಸುಲಭವಿತ್ತು,’ ಅಂದಳು.

ಗೊರಸು ಬಿಚ್ಚುವುದು ಅರ್ಧ ದಿನದ ಕೆಲಸ.
ಮೇಲಿನಿಂದಲೇ ಕೊಯ್ದು ಹೊಸ ಹಿಡಿ ಕೂರಿಸೋಣವೆಂದು
ಗರಗಸ ಇಟ್ಟೆ.
ಅವಳು ಅಂಗೈ ಅಡ್ಡ ಇಟ್ಟಳು.
ಆಗ ನೋಡಿದೆ: ಅಡ್ಡಹಿಡಿಯ ನಡುವೆ ಒಂದು ತಗ್ಗು,
ಬೆವರಿಗೆ, ಗಡ್ಡಕ್ಕೆ ಸವೆದು ಕಪ್ಪಗೆ ಹೊಳೆಯುತ್ತಿತ್ತು.
ಅದನ್ನು ಕೆತ್ತಿದವನು ನಾನಲ್ಲ.

ಬುಡದಿಂದ ಕೊಯ್ದೆ, ನಾಲ್ಕು ಬೆರಳು.
ಗೊರಸು ಕಾಯಿಸಿ ಮತ್ತೆ ಹೊಡೆದೆ.
ಅವಳು ಮರದ ಸಿಪ್ಪೆಗಳ ನಡುವೆ ನಿಂತು
ಕೋಲನ್ನು ಮುಂದಿಟ್ಟು, ಆ ತಗ್ಗಿನಲ್ಲಿ ಗದ್ದ ಊರಿದಳು.
ಹಿಮ್ಮಡಿಯಿಂದ ಭುಜದ ತನಕ ಮೈ ಒಂದು ಸಲ ಇಳಿಯಿತು,
ಹೊರೆ ಇಳಿಸಿದ ಹೇಸರಗತ್ತೆಯ ಹಾಗೆ.
ಕಣ್ಣು ಮುಚ್ಚಲಿಲ್ಲ. ಏನೂ ಹೇಳಲಿಲ್ಲ.
ನನ್ನ ಕೈಯಲ್ಲಿ ಸುತ್ತಿಗೆ ಇತ್ತು, ಎಲ್ಲಿಡುವುದೋ ತಿಳಿಯದೆ
ನಾನೂ ನಿಂತೆ.

ಭಾನುವಾರ ನಸುಕಿನ ಕತ್ತಲು, ಧೂಪದ ಹೊಗೆ.
ನನ್ನ ಸೊಂಟ ತನ್ನ ವ್ಯಾಜ್ಯ ಶುರು ಮಾಡಿತ್ತು.
ಹೆಂಗಸರ ಕಡೆಯಿಂದ ಟಕ್ ಎಂದಿತು.
ಗಂಡಸರು ಇಬ್ಬರು ಮೂವರು ತಿರುಗಿ ನೋಡಿದರು.
ಕಂಕುಳು ಬದಲಿಸಿದಳು ಅಂದುಕೊಂಡೆ.

ಕೊಯ್ದ ತುಂಡು ಗೂಡಿನಲ್ಲಿದೆ.
ಅವಳು ಕೇಳಲಿಲ್ಲ,
ಒಲೆಗೆ ಹಾಕಲು ನನಗೆ ಕೈ ಬಂದಿಲ್ಲ.