ಕಾಲಂ ಇಲ್ಲದ ಮಾತು

ರಾತ್ರಿ ಎಂಟು. ಡ್ಯೂಟಿ ಬದಲಾಗುವ ಹೊತ್ತು.
ಹೊಸನಗರದ ಆಸ್ಪತ್ರೆಯಲ್ಲಿ ಕರೆಂಟು
ಹೋಗಿ, ಬಂದು, ಮತ್ತೆ ಹೋಗಿ
ಟಾರ್ಚು ಬಾಯಲ್ಲಿ ಕಚ್ಚಿ ಬರೆಯುತ್ತಿದ್ದೇನೆ:
ನಾಡಿ, ಉಸಿರು, ಬಿಪಿ, ಮೂತ್ರ ಎಷ್ಟು, ಡ್ರಿಪ್ ಎಷ್ಟು.
ದೊಡ್ಡ ರಿಜಿಸ್ಟರು. ಒಂಬತ್ತು ಕಾಲಂ.
ಹತ್ತನೆಯದಕ್ಕೆ ಜಾಗ ಬಿಟ್ಟಿಲ್ಲ ಅಚ್ಚು ಹಾಕಿದವರು.

ಮಂಚ ಆರು. ಬೆಳ್ಳಪ್ಪ, ನಲವತ್ತೆಂಟು.
ಮೂರು ದಿನದ ಜ್ವರ, ಸೊಂಟ ಮುರಿದಂಥ ನೋವು,
ಕಣ್ಣು ಕೆಂಡ.
'ಡೆಂಗಿ ಇರಬಹುದು' ಎಂದು ಬರೆದಿದ್ದಾರೆ ಡಾಕ್ಟರ್ ನಿಖತ್,
'ಇರಬಹುದು' ಎಂಬುದರ ಕೆಳಗೆ ಎರಡು ಗೆರೆ ಎಳೆದು.
ನೋವಿನ ಗುಳಿಗೆ ಬರೆದದ್ದು ಬೇರೆ ಕೈ,
ನಿನ್ನೆ ಮಧ್ಯಾಹ್ನದ, ಸಾಲು ಕರಗಿಸುವ ಅವಸರದ ಕೈ.
ಎರಡು ಕೈಯೂ ಒಂದನ್ನೊಂದು ನೋಡಿಲ್ಲ.

ಆಗ ಚೌಡಮ್ಮ,
ಬೆಳಗಿನಿಂದ ಡಬಲ್ ಡ್ಯೂಟಿಯವಳು,
ಫಿನೈಲು ಕದಡುತ್ತಾ
ನನಗಲ್ಲ, ಬಕೆಟ್ಟಿಗೆ ಹೇಳಿದಳು:
"ಬೆಳಿಗ್ಗೆ ಚಾದರ ಬದಲಿಸುವಾಗ
ಮೊಣಕಾಲ ಸಂದೀಲಿ ಉಣುಗು ಇತ್ತು. ಕಿತ್ತು ಹಾಕ್ದೆ."

"ಯಾರಿಗೂ ಹೇಳಲಿಲ್ವಾ?"

"ಯಾರಿಗ್ ಹೇಳ್ಲಿ ಸಿಸ್ಟ್ರೇ?
ರೌಂಡ್ಸ್ ಬಂದಾಗ ನಮ್ಮನ್ನ ಹೊರಗೆ ಕಳಿಸ್ತೀರಿ."

ಆ ನಿಯಮ ಬರೆದು ಗೋಡೆಗೆ ಅಂಟಿಸಿದ್ದು ನಾನೇ.
ಒರಗಿಸಿಟ್ಟ ಮಾಪಿನ ಪಕ್ಕ
ಹನ್ನೆರಡು ಗಂಟೆ ಹೊರಗೇ ನಿಂತಿತ್ತು ಆ ಮಾತು.

ಕೆಳಗಿಳಿದು ಆಂಬುಲೆನ್ಸಿನ ಕೆರಿಯಪ್ಪನನ್ನು ಎಬ್ಬಿಸಿದೆ.
"ಹೌದು, ದಾರಿಯುದ್ದಕ್ಕೂ ಅಂತಿದ್ದ,
ದರಗು ಗುಡಿಸೋ ಕಡೆ ಮಂಗ ಸತ್ತು ನಾರ್ತಿತ್ತು ಅಂತ.
ನನ್ನ ಕೆಲಸ ಗಾಡಿ ಬಿಡೋದು.
ಕೇಳಿದ್ರೆ ಹೇಳ್ತಿದ್ದೆ."

ವಲೇರಿಯನ್ ಲ್ಯಾಬಿಗೆ ಬೀಗ ಹಾಕುತ್ತಿದ್ದ.
ಬಿಳಿಕಣ ಇಳಿದಿವೆ, ಪ್ಲೇಟ್‌ಲೆಟ್ಟೂ.
ಡೆಂಗಿ ಕಿಟ್ಟಿನಲ್ಲಿ ಒಂದೇ ಗೆರೆ.
"ಚೀಟಿ ಆಗಲೇ ಟ್ರೇನಲ್ಲಿ ಇಟ್ಟಿದ್ದೆನಲ್ಲ!"
ಇಟ್ಟಿದ್ದ.
ಅದರ ಮೇಲೆ ಯಾರದೋ ಟಿಫಿನ್ ಡಬ್ಬಿ ಇತ್ತು.

ಔಷಧಿ ಕಿಟಕಿಯ ಹಾಲಪ್ಪ ಕನ್ನಡಕ ಒರೆಸಿದ:
"ಆ ಗುಳಿಗೆ ಕೊಡಬೇಡಿ, ರಕ್ತ ಸೋರಿಸುತ್ತೆ.
ನಿನ್ನೆಯೇ ಅನುಮಾನ ಬಂದಿತ್ತು,
ಬರೆದವರು ದೊಡ್ಡವರು ಅಂತ ಸುಮ್ಮನಾದೆ."

ನಾಲ್ಕು ಬಾಯಿ. ಒಂದೊಂದರಲ್ಲೂ ಒಂದೊಂದು ತುತ್ತು,
ನುಂಗದೆ, ಉಗುಳದೆ.

ನೆಟ್‌ವರ್ಕ್ ಬೇಕಾದರೆ ನಮ್ಮಲ್ಲಿ
ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು.
ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು.
ಆಮೇಲೆ: "ಉಣುಗು ನೋಡಿದ್ದು ಯಾರು?"
"ಚೌಡಮ್ಮ, ಮೇಡಂ."
"ಅವರಿಗೆ ಕೊಡಿ ಫೋನು."

ಒದ್ದೆ ಕೈ ಸೆರಗಿಗೆ ಒರೆಸಿ
ಎರಡೂ ಕೈಯಲ್ಲಿ ಹಿಡಿದಳು, ಆಗಷ್ಟೇ ಹುಟ್ಟಿದ ಕೂಸಿನಂತೆ.
"ಎಡಗಾಲು ಅಮ್ಮಾ. ಎಳ್ಳಿಗಿಂತ ಸಣ್ಣದು.
ಇಲ್ಲ, ಹೊಸುಕಿಲ್ಲ.
ಹತ್ತಿಯಲ್ಲಿ ಸುತ್ತಿ ಸೀಸೆಗೆ ಹಾಕಿಟ್ಟೀನಿ."

ಸೀಸೆ! ನನಗೂ ಹೇಳಿರಲಿಲ್ಲ ಅದನ್ನು.
ನಾನು ಕೇಳಿಯೂ ಇರಲಿಲ್ಲ.

ನಸುಕಿನಲ್ಲಿ ಐಸಿನ ಡಬ್ಬಿ ತೊಡೆಯ ಪಕ್ಕ ಇಟ್ಟುಕೊಂಡು
ಶಿವಮೊಗ್ಗಕ್ಕೆ ಹೊರಟ ಕೆರಿಯಪ್ಪ.
ಎರಡು ದಿನಕ್ಕೆ ಉತ್ತರ ಬಂತು: ಮಂಗನ ಕಾಯಿಲೆಯೇ.
ಬೆಳ್ಳಪ್ಪನ ವಸಡಿನಿಂದ ಒಂದಿಷ್ಟು ರಕ್ತ ಜಿನುಗಿ ನಿಂತಿತು.
ಹದಿನಾಲ್ಕನೇ ದಿನ ಗಂಜಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದ.

ಹೋದ ವರ್ಷ ಇದೇ ಮಂಚದಲ್ಲಿದ್ದ ಹುಡುಗಿಯ ವಿಷಯ
ಯಾರಿಗೆ ಏನು ಗೊತ್ತಿತ್ತೋ.
ಆ ರಾತ್ರಿ ನಾನು ಯಾರನ್ನೂ ಎಬ್ಬಿಸಿರಲಿಲ್ಲ.

ಸ್ಕೇಲು ಸಿಗಲಿಲ್ಲ. ಎಕ್ಸ್‌ರೇ ಕವರಿನ ಅಂಚು ಹಿಡಿದು
ರಿಜಿಸ್ಟರಿಗೆ ಹತ್ತನೇ ಗೆರೆ ಎಳೆದೆ. ತುಸು ವಾಲಿದೆ.
ಮೇಲೆ ಬರೆದೆ: ಯಾರು ಏನು ಕಂಡರು.

ಕೆಲವು ದಿನ ಖಾಲಿ.
ಕೆಲವು ದಿನ:
ಮಂಚ ಎರಡು, ಹಲ್ಲುಸೆಟ್ಟು ಚೀಲದಲ್ಲೇ ಇದೆ, ಅದಕ್ಕೇ ಉಣ್ಣುತ್ತಿಲ್ಲ.
ಮಂಚ ಹನ್ನೊಂದು, ಮಾತ್ರೆಯೆಲ್ಲ ದಿಂಬಿನಡಿ.

ಚೌಡಮ್ಮನಿಗೆ ಬರೆಯಲು ಬಾರದು.
ಹೇಳುತ್ತಾಳೆ, ಬರೆಯುತ್ತೇನೆ.
"ಈಗ ಓದಿ" ಅನ್ನುತ್ತಾಳೆ.
ಓದುತ್ತೇನೆ.
"ಬಲಗಡೆ ಅಂದೆನಾ? ಎಡಗಡೆ."
ತಿದ್ದುತ್ತೇನೆ.