ತೂಗು

ಕುಮ್ಯಾಮಳದವರು ಅದನ್ನು ಸಾಂಕೊವ್ ಅನ್ನುತ್ತಾರೆ.
ಅಪ್ಪ ಪೂಲು ಅಂದ.
ವಾಸ್ಕೋದಲ್ಲಿ ಅತ್ತೆಯ ಮನೆಯಲ್ಲಿದ್ದು ಎರಡು ವರ್ಷ ಓದಿದ
ಕನ್ನಡ ಪುಸ್ತಕ ಮಾತ್ರ ತೂಗುಸೇತುವೆ ಅಂದಿತು.
ತೂಗೋದು ತೊಟ್ಟಿಲ ಹಂಗೋ, ತಕ್ಕಡಿ ಹಂಗೋ ಸರ್,
ಎಂದು ಕೇಳಿದೆ.
ಎರಡೂ. ಕೂತ್ಕೋ, ಅಂದರು.

ಫಿರಂಗಿಯವರ ಕಾಲದ ಕಬ್ಬಿಣ.
ಲಿಸ್ಬನ್ನಿನಿಂದ ಹಡಗಲ್ಲಿ ಬಂತೆಂದು ಇಗರ್ಜಿ ಕಡೆಯವರು,
ಗಣಿಯ ಟ್ರಾಲಿಹಗ್ಗ ಕದ್ದು ಕಟ್ಟಿದ್ದೆಂದು ಗುಡಿ ಕಡೆಯವರು.
ಅಪ್ಪ ಎರಡಕ್ಕೂ ಹೂಂ ಅನ್ನುತ್ತಿದ್ದ.
ರೋಣದಿಂದ ಮಣ್ಣು ಹೊರಲು ಬಂದವನು
ಪಂಚಾಯ್ತಿಯ ಪಾನಾ ಹಿಡಿದು ಇಲ್ಲೇ ನಿಂತ:
ಇನ್ನೂರ ಹದಿನಾರು ನಟ್ಟು, ತಿಂಗಳಿಗೊಮ್ಮೆ ಬಿಗಿತ,
ಚೌತಿಗೆ ಮುಂಚೆ ಗ್ರೀಸು,
ಫಲಕದ ಅಕ್ಷರಕ್ಕೆ ವರ್ಷಕ್ಕೊಮ್ಮೆ ಬಿಳಿ ಬಣ್ಣ.
ಓದಲು ಬಾರದ ಫಕೀರಪ್ಪ
ನಾಲಗೆ ಕಚ್ಚಿಕೊಂಡು, ಗೆರೆ ದಾಟದೆ ತಿದ್ದುತ್ತಿದ್ದ:
ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಹೋಗಬಾರದು.

ದಂಡೆಯಲ್ಲಿ ಕುಂತು, ಬೆನ್ನು ಹೊಳೆಗೆ,
ಹಗ್ಗದ ಮೇಲೆ ಎರಡು ಬೆರಳಿಟ್ಟು ಹೇಳುತ್ತಿದ್ದ:
ಈಗ ಪೊದೇರ ಮಿಂಗೆಲ್, ಸೈಕಲ್ಲು, ಪಾವಿನ ಬುಟ್ಟಿ ಖಾಲಿ.
ಈಗ ಎಸ್ಪೆರಾನ್ಸ ಬಾಯಿ, ಎಡಗಡೆ ಮೊಣಕಾಲ ನೋವು.
ಈಗ ಯಾರೋ ಹೊಸಬರು, ಅಂಜ್ಯಾರ.
ಈಗ ನಿಮ್ಮವ್ವ. ಸಿಟ್ಟಿನಾಗ ಅದಾಳ, ಏಳು.

ಸಿಮೆಂಟಿನ ಸೇತುವೆ ಮೂರು ಮೈಲಿ ಕೆಳಗೆ ಆಯಿತು.
ಅದಿರಿನ ಲಾರಿ ಹೋದರೂ ಅಲ್ಲಾಡುವುದಿಲ್ಲ,
ಅದಕ್ಕೆ ಯಾರ ಗುರುತೂ ಇಲ್ಲ.

ಮಸಣ ಆಚೆ ದಂಡೆ.
ಚೌತಿ ಕಳೆದ ವಾರ, ಗ್ರೀಸು ಇನ್ನೂ ಹಸಿ.
ಚಟ್ಟ ಹೊತ್ತು ನಿಂತ ನಾಲ್ವರಿಗೆ
ಪಂಚಾಯ್ತಿಯ ಕಾರಕೂನ ಫಲಕ ತೋರಿಸಿದ.
ನೀವು ನಾಲ್ವರು. ಮಲಗಿದವ ಐದನೆಯವ.
ಗಾಡಿ ತರಿಸಲೇನು, ಆ ಕಡೆಯಿಂದ?
ಬೈಯಬೇಕಿತ್ತು. ಯಾರೂ ಬೈಯಲಿಲ್ಲ,
ಬಿಳಿ ಬಣ್ಣ ಅಪ್ಪನದು.
ಮಿಂಗೆಲ್ ತನ್ನ ಹೆಗಲು ಬಿಡಿಸಿಕೊಂಡು
ಟೋಪಿ ತೆಗೆದು ಹಿಂದೆ ಸರಿದ.
ಮುಂದೊಬ್ಬ, ಹಿಂದಿಬ್ಬರು,
ಅಡ್ಡಡ್ಡ ನಡೆದು ಹೋದರು.

ನಾನು ಅಪ್ಪನ ಜಾಗದಲ್ಲಿ ಕುಂತೆ,
ಬೆನ್ನು ಹೊಳೆಗೆ, ಹಗ್ಗಕ್ಕೆ ಎರಡು ಬೆರಳು.
ಮೊದಲ ಹೆಜ್ಜೆ ನಮ್ಮ ಸೋದರಮಾವನದು, ಅಷ್ಟು ಗೊತ್ತಾಯಿತು.
ಆಮೇಲೆ ಎಲ್ಲ ಕಲಸಿಹೋಯಿತು.
ನಟ್ಟನಡುವೆ ನಿಂತರು,
ಹೆಗಲು ಬದಲಿಸಲು ಇರಬೇಕು.
ಆಗ ತೂಗಿತು.

ತಿರುಗಿ ಬರುವಾಗ ಮೂವರೇ.
ಕಣ್ಣು ಮುಚ್ಚಿಯೇ ಎಣಿಸಿದೆ.
ಆಚೆ ತುದಿಗೆ ಎಲ್ಲೋ ಒಂದು ನಟ್ಟು
ಸಡಿಲಾಗಿದೆ ಅನ್ನಿಸಿತು.
ಪಾನಾ ಮನೆಯಲ್ಲಿತ್ತು.