ಹಿಂದಿನ ಜೇಬು

ಬೆಳಗಿನ ಜಾವ ನಾಲ್ಕೂವರೆ, ಮಾಂದಲಪಟ್ಟಿಗೆ ಮೊದಲ ಟ್ರಿಪ್ಪು.
ಜೀಪು ಕಲ್ಲು ಹತ್ತುತ್ತದೆ,
ಕಲ್ಲು ನನ್ನ ಬಲಕುಂಡಿ ಹತ್ತುತ್ತದೆ,
ಅಲ್ಲಿಂದ ತೊಡೆ, ಮೊಣಕಾಲ ಹಿಂದೆ, ಮೀನಖಂಡ,
ಎಳೆದು ಕಟ್ಟಿದ ತಂತಿಯಂತೆ ಒಂದೇ ಉರಿ.
ಆಕ್ಸಿಲರೇಟರ್ ಮೇಲಿನ ಪಾದ ಯಾರದೋ ಪಾದ.

ಹಿಂದೆ ಕೂತವರ ಕೂಗು: ಇನ್ನೂ ಸ್ಪೀಡು, ಅಣ್ಣಾ!

ಕುಂಡಿ ನೋವು ಅಂತ ಹೇಗೆ ಹೇಳುವುದು?
ಸೊಂಟ ಅಂದೆ. ಎಲ್ಲರಿಗೂ ಸೊಂಟ ಅಂದೆ.
ಸೊಂಟಕ್ಕೇ ಮದ್ದು ಬಂತು:
ಸೋಮವಾರಪೇಟೆಯ ಎಣ್ಣೆ, ಭಾವನ ಬೆಲ್ಟು,
ಮೈಸೂರಿನ ಸ್ಕ್ಯಾನಿಗೆ ಒಂಬತ್ತು ಟ್ರಿಪ್ಪಿನ ದುಡ್ಡು.
ಕರಿ ಹಾಳೆಯಲ್ಲಿ ನನ್ನ ಬೆನ್ನೆಲುಬು
ಇಟ್ಟಿಗೆ ಪೇರಿಸಿಟ್ಟಂತೆ, ಒಂದೂ ಜಾರಿಲ್ಲ.
ಏನೂ ಇಲ್ಲ ಅಂದರು.
ಆ ಏನೂ ಇಲ್ಲದ್ದು ರಾತ್ರಿ ಎರಡಕ್ಕೆ ಎಬ್ಬಿಸುತ್ತಿತ್ತು.

ಮಡಿಕೇರಿಯ ಬೋಜಮ್ಮ, ಕಾಲೇಜಿನಲ್ಲಿ ಹಾಕಿ ಆಡಿದ ಕೈ,
ಬೋರಲು ಮಲಗಿಸಿ ಹೆಬ್ಬೆರಳು ಊರಿದಳು.
ಅಲ್ಲೇ.
ನನ್ನ ಕೂಗಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಹೋದರಂತೆ.

“ಪಿರಿಫಾರ್ಮಿಸ್. ಪೇರ್ ಹಣ್ಣಿನ ಆಕಾರದ ಸ್ನಾಯು.”
ಪೇರ್ ತಿಂದವನಲ್ಲ ನಾನು.
“ಬೆಣ್ಣೆಹಣ್ಣು ಅಂದುಕೊಳ್ಳಿ, ಬೆಳ್ಯಪ್ಪಣ್ಣ.
ಆಳದಲ್ಲಿ ಅಡ್ಡ ಮಲಗಿದೆ.
ಅದರಡಿಯಲ್ಲೇ ಕಾಲಿಗಿಳಿವ ನರ, ಕಿರುಬೆರಳ ದಪ್ಪ.
ಇದು ಬಿಗಿದರೆ ಅದಕ್ಕೆ ಉಸಿರಿಲ್ಲ.
ತಪ್ಪು ಬೆನ್ನಿನದಲ್ಲ. ಹಿಂದಿನ ಜೇಬಲ್ಲೇನಿದೆ?”

ಪರ್ಸು.
ಮೇಜಿನ ಮೇಲಿಟ್ಟೆ. ಎರಡು ಬೆರಳ ದಪ್ಪ,
ಕೂತು ಕೂತು ಬಾಳೆಕಾಯಿಯಂತೆ ಬಾಗಿತ್ತು.
ಲೈಸೆನ್ಸು, ಪರ್ಮಿಟ್ಟಿನ ನಕಲು, ಟೈರಂಗಡಿಯ ಚೀಟಿ,
ಮಗಳ ಎಸ್ಸೆಸ್ಸೆಲ್ಸಿ ಫೋಟೊ,
ಮಡಚಿ ಮಡಚಿ ಬಟ್ಟೆಯಾದ ಒಂದು ಕಂದಾಯ ರಸೀದಿ.
“ಇದು ಯಾವ ಮನೆಯದು?”

ಗುಡ್ಡ ಇಳಿದ ವರ್ಷ ಅದರ ಜೊತೆ ಇಳಿದದ್ದು.
ಮನೆ ಇಲ್ಲ. ಕಟ್ಟಿದ ಕಂದಾಯಕ್ಕೆ ಗುರುತಿದೆ.
ಅಷ್ಟು ವರ್ಷ ಅದರ ಮೇಲೇ ಕೂತಿದ್ದೆ.

ಅವಳು ಏನೂ ಹೇಳಲಿಲ್ಲ. ಪರ್ಸು ನನ್ನ ಎದೆಜೇಬಿಗೆ ತುರುಕಿ,
“ಅಂಗಾತ ಮಲಗಿ. ಬಲ ಕಣಕಾಲು ಎಡ ಮೊಣಕಾಲ ಮೇಲೆ.
ಎಡತೊಡೆ ಹಿಡಿದು ಎದೆಗೆ ಎಳೆದುಕೊಳ್ಳಿ. ಮೂವತ್ತು ಎಣಿಸಿ.
ಎಳೆತ ಸರಿ. ಕಾಲಿಗೆ ಮಿಂಚು ಹೊಡೆದರೆ ಬಿಟ್ಟುಬಿಡಿ.”

ಎಷ್ಟು ದಿನ?
“ನರ ನಿಮ್ಮ ಜೀಪಲ್ಲ, ಗೇರು ಹಾಕಿದ ಕೂಡಲೇ ಏರಲು.
ಎಂಟು ವಾರ ಅಂತಿಟ್ಟುಕೊಳ್ಳಿ. ಗಂಟೆಗೊಮ್ಮೆ ಇಳಿದು ನಡೆಯಿರಿ.”

ಈಗ ಅವರೆಲ್ಲ ಮಂಜಿಗೆ ಕೈಚಾಚಿ ಫೋಟೊ ಹೊಡೆಸಿಕೊಳ್ಳುವಾಗ
ನಾನು ಜೀಪಿನ ಹಿಂದೆ ಗೋಣಿ ಹಾಸಿ
ಕಾಲ ಮೇಲೆ ಕಾಲಿಟ್ಟು ಎಣಿಸುತ್ತೇನೆ.
ಹನ್ನೊಂದರವರೆಗೆ ಬರೀ ಎಳೆತ.
ಹದಿನೇಳಕ್ಕೆ ಏನೋ ಸಡಿಲುತ್ತದೆ,
ಕಟ್ಟಿಕೊಂಡ ಮೋರಿಯಲ್ಲಿ ನೀರು ಸಂದಿ ಕಂಡ ಹಾಗೆ.

ಯಾರದೋ ಮಗು ಬಂದು ಬಗ್ಗಿ ನೋಡಿತು:
ಅಂಕಲ್, ಬಿದ್ರಾ?
ಇಲ್ಲ ಮರಿ ಅಂದೆ. ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.